ಮೂರನೆಯ ತಂತಿ: ಹೃದಯ ವೈಫಲ್ಯಕ್ಕೆ ನೀಡುವ ಸಿ.ಆರ್.ಟಿ. ಚಿಕಿತ್ಸೆಯಲ್ಲಿ ಲೀಡ್‌ನ ಪಾತ್ರ

(ಅಧ್ಯಯನ ಲೇಖನ: ಗ್ರಾಮ ಪಂಚಾಯತಿ ಸದಸ್ಯರು, ಸಿಬ್ಬಂದಿ, ಆಶಾ ಕಾರ್ಯಕರ್ತೆಯರು ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಗಳ ಓದಿಗಾಗಿ)

ನಗರದ ಹೃದ್ರೋಗ ಆಸ್ಪತ್ರೆಯಿಂದ ಊರಿಗೆ ಮರಳಿದ ರೋಗಿಯ ಬಿಡುಗಡೆ ಪತ್ರದಲ್ಲಿ ‘ಸಿ.ಆರ್.ಟಿ.’ ಎಂಬ ಮೂರಕ್ಷರ ಕಾಣಿಸುವುದುಂಟು. ಮನೆಯವರು ಅದನ್ನು ‘ಪೇಸ್‌ಮೇಕರ್ ಹಾಕಿದ್ದಾರೆ’ ಎಂದಷ್ಟೇ ಅರ್ಥಮಾಡಿಕೊಂಡಿರುತ್ತಾರೆ. ಎದೆಯ ಮೇಲ್ಭಾಗದಲ್ಲಿ ಚರ್ಮದಡಿ ಉಬ್ಬಿ ಕಾಣುವ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಪೆಟ್ಟಿಗೆಯ ಮೇಲೆಯೇ ಎಲ್ಲರ ಗಮನ. ಅದರ ಬೆಲೆ ಎಷ್ಟು, ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ, ಯಾವ ಕಂಪನಿಯದು ಎಂಬುದೇ ಮಾತು. ಆದರೆ ಈ ಚಿಕಿತ್ಸೆಯ ಫಲ ಬಹುಮಟ್ಟಿಗೆ ಆ ಪೆಟ್ಟಿಗೆಯನ್ನು ಅವಲಂಬಿಸಿಲ್ಲ. ಅದರಿಂದ ಹೊರಟು ಹೃದಯದ ಎಡಭಾಗವನ್ನು ಮುಟ್ಟುವ ತೆಳುವಾದ ಒಂದು ತಂತಿ ಎಲ್ಲಿ ನಿಂತಿದೆ, ಅಲ್ಲಿಯೇ ನಿಂತಿರುತ್ತದೆಯೇ, ಪ್ರತಿ ಬಡಿತದಲ್ಲಿಯೂ ತನ್ನ ಕೆಲಸ ಮಾಡುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಅವಲಂಬಿಸಿದೆ. ಈ ತಂತಿಗೆ ವೈದ್ಯರು ‘ಲೀಡ್’ ಎನ್ನುತ್ತಾರೆ.

ಲೀಡನ್ನು ಕೂರಿಸುವುದು ತಜ್ಞರ ಕೆಲಸ. ಅದು ಸ್ಥಾನ ತಪ್ಪಿದಾಗ ಮೊದಲು ತೋರುವ ಚಿಹ್ನೆಗಳು ಮಾತ್ರ ಊರಿನಲ್ಲಿ, ಮನೆಯಲ್ಲಿ ಕಾಣುತ್ತವೆ. ಆದಕಾರಣ ಈ ವಿಷಯದ ತಿಳಿವಳಿಕೆ ಗ್ರಾಮ ಮಟ್ಟದಲ್ಲಿಯೂ ಅಗತ್ಯ. ಇಲ್ಲಿನ ವಿವರಣೆ ವೈದ್ಯರ ಸಲಹೆಗೆ ಬದಲಿಯಲ್ಲ ಎಂಬುದನ್ನು ಬೇರೆಯಾಗಿ ಹೇಳಬೇಕಿಲ್ಲ.

ಹೃದಯದೊಳಗಿನ ವಿದ್ಯುತ್ ಮಾರ್ಗ

ಆರೋಗ್ಯವಂತ ಹೃದಯದಲ್ಲಿ ಪ್ರತಿಯೊಂದು ಬಡಿತವೂ ಬಲ ಹೃತ್ಕರ್ಣದ ಮೇಲ್ಭಾಗದಲ್ಲಿರುವ ಸೈನಸ್ ಗಂಟಿನಲ್ಲಿ ಹುಟ್ಟುವ ಪುಟ್ಟ ವಿದ್ಯುತ್ ಸಂಕೇತದಿಂದ ಆರಂಭವಾಗುತ್ತದೆ. ಆ ಸಂಕೇತ ಎರಡೂ ಹೃತ್ಕರ್ಣಗಳಲ್ಲಿ ಹರಡಿ, ಎ.ವಿ. ಗಂಟಿನಲ್ಲಿ ಕ್ಷಣಕಾಲ ತಡೆದು, ‘ಹಿಸ್ ಕಟ್ಟು’ ಎಂಬ ವಿಶೇಷ ನಾರುಗಳ ಮೂಲಕ ಕೆಳಗಿಳಿಯುತ್ತದೆ. ಅಲ್ಲಿಂದ ಬಲ ಕವಲು ಬಲ ಹೃತ್ಕುಕ್ಷಿಗೂ ಎಡ ಕವಲು ಎಡ ಹೃತ್ಕುಕ್ಷಿಗೂ ಸಂಕೇತವನ್ನು ಒಯ್ಯುತ್ತವೆ. ಈ ಕವಲುಗಳು ಹೆದ್ದಾರಿಗಳಿದ್ದಂತೆ; ಸಂಕೇತ ಅವುಗಳಲ್ಲಿ ಅತಿ ವೇಗವಾಗಿ ಸಾಗಿ, ಸುಮಾರು 80ರಿಂದ 100 ಮಿಲಿಸೆಕೆಂಡುಗಳಲ್ಲಿ ಎರಡೂ ಹೃತ್ಕುಕ್ಷಿಗಳನ್ನು ಆವರಿಸಿಬಿಡುತ್ತದೆ. ಇ.ಸಿ.ಜಿ. ಕಾಗದದಲ್ಲಿ ಈ ಅವಧಿ ‘ಕ್ಯೂ.ಆರ್.ಎಸ್.’ ಎಂಬ ಚೂಪಾದ ಅಲೆಯ ಅಗಲವಾಗಿ ಮೂಡುತ್ತದೆ. ಸಾಮಾನ್ಯ ವೇಗದಲ್ಲಿ ತೆಗೆದ ಇ.ಸಿ.ಜಿ.ಯಲ್ಲಿ ಒಂದು ಚಿಕ್ಕ ಚೌಕವೆಂದರೆ 40 ಮಿಲಿಸೆಕೆಂಡು. ಅಂದರೆ ಸಹಜ ಅಲೆ ಎರಡೂವರೆ ಚೌಕದೊಳಗೆ ಮುಗಿಯುತ್ತದೆ.

ಎಡ ಕವಲಿನಲ್ಲಿ ತಡೆಯುಂಟಾದರೆ ಸ್ಥಿತಿ ಬದಲಾಗುತ್ತದೆ. ಸಂಕೇತ ಬಲಭಾಗಕ್ಕೆ ಸಕಾಲದಲ್ಲಿ ತಲುಪುತ್ತದೆ; ಎಡಭಾಗಕ್ಕೆ ಮಾತ್ರ ಹೆದ್ದಾರಿ ಬಿಟ್ಟು, ಸ್ನಾಯುವಿನ ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ಹೊಲದ ಬದುವಿನ ಮೇಲೆ ನಡೆದಂತೆ ನಿಧಾನವಾಗಿ ಸಾಗಬೇಕಾಗುತ್ತದೆ. ಕ್ಯೂ.ಆರ್.ಎಸ್. 120 ಮಿಲಿಸೆಕೆಂಡನ್ನು ದಾಟುತ್ತದೆ, ಕೆಲವರಲ್ಲಿ 150ನ್ನೂ ಮೀರುತ್ತದೆ. ನಾಲೆಯ ಕೊನೆಭಾಗದ ರೈತರ ಪಾಡು ಈ ಜಿಲ್ಲೆಯ ಓದುಗರಿಗೆ ಅಪರಿಚಿತವಲ್ಲ. ಮೇಲ್ಭಾಗದ ಗದ್ದೆ ನಾಟಿಯಾಗಿ ಹಸಿರಾದಾಗ ಕೊನೆಭಾಗಕ್ಕೆ ಇನ್ನೂ ನೀರು ಬಂದಿರುವುದಿಲ್ಲ. ಎಡ ಹೃತ್ಕುಕ್ಷಿಯ ಹೊರಬದಿಯ ಗೋಡೆ ಅಂತಹ ಕೊನೆಭಾಗ. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆ ಮೊದಲು ಸಂಕುಚಿಸುತ್ತದೆ. ಆಗ ಹೊರಗೋಡೆ ಸಡಿಲವಾಗಿದ್ದು ಹಿಂದಕ್ಕೆ ಹಿಗ್ಗುತ್ತದೆ. ಹೊರಗೋಡೆ ಸಂಕುಚಿಸುವ ವೇಳೆಗೆ ನಡುಗೋಡೆ ಸಡಿಲವಾಗಿರುತ್ತದೆ. ರಕ್ತ ಮಹಾಧಮನಿಗೆ ಹೋಗುವ ಬದಲು ಕೋಣೆಯೊಳಗೆಯೇ ಅತ್ತಿತ್ತ ತುಳುಕುತ್ತದೆ. ಸ್ನಾಯುವಿನ ಶ್ರಮಕ್ಕೆ ಕೊರತೆಯಿಲ್ಲ, ಫಲಕ್ಕೆ ಕೊರತೆ.

ಹೃದಯ ಮೊದಲೇ ದುರ್ಬಲವಾಗಿದ್ದವರಲ್ಲಿ ಈ ಹೊಂದಾಣಿಕೆಯ ಕೊರತೆ ಹೊರೆಯ ಮೇಲೆ ಹೊರೆ. ಸಹಜ ಹೃದಯ ತನ್ನ ಎಡ ಹೃತ್ಕುಕ್ಷಿಯಲ್ಲಿ ತುಂಬಿದ ರಕ್ತದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಪ್ರತಿ ಬಡಿತದಲ್ಲಿ ಹೊರದೂಡುತ್ತದೆ. ಎಕೋ ವರದಿಯಲ್ಲಿ ‘ಇ.ಎಫ್.’ ಎಂದು ಬರೆಯುವುದು ಇದನ್ನೇ. ಅದು ಶೇ. 35 ಅಥವಾ ಅದಕ್ಕೂ ಕೆಳಗಿಳಿದು, ಔಷಧಗಳನ್ನು ಸರಿಯಾಗಿ ತೆಗೆದುಕೊಂಡರೂ ಏದುಸಿರು ನಿಲ್ಲದೆ, ಇ.ಸಿ.ಜಿ.ಯಲ್ಲಿ ಎಡ ಕವಲಿನ ತಡೆಯೊಡನೆ ಅಲೆಯ ಅಗಲ 150 ಮಿಲಿಸೆಕೆಂಡು ಅಥವಾ ಹೆಚ್ಚಿದ್ದರೆ ಸಿ.ಆರ್.ಟಿ.ಗೆ ಅತ್ಯಂತ ಬಲವಾದ ಶಿಫಾರಸು ಇದೆ. ‘ಕಾರ್ಡಿಯಾಕ್ ರೀಸಿಂಕ್ರೊನೈಸೇಷನ್ ಥೆರಪಿ’ ಎಂಬುದರ ಸರಳಾರ್ಥ, ಹೃದಯದ ಗೋಡೆಗಳನ್ನು ಮತ್ತೆ ಒಟ್ಟಿಗೆ ಬಡಿಯುವಂತೆ ಮಾಡುವುದು.

ಚಿಕಿತ್ಸೆ ಬಂದ ಬಗೆ

ಸಾಧಾರಣ ಪೇಸ್‌ಮೇಕರ್‌ನ ತಂತಿಗಳು ಬಲ ಹೃತ್ಕರ್ಣಕ್ಕೂ ಬಲ ಹೃತ್ಕುಕ್ಷಿಗೂ ಹೋಗುತ್ತವೆ; ತೀರ ನಿಧಾನವಾದ ಬಡಿತವನ್ನು ಸರಿಪಡಿಸುವುದು ಅವುಗಳ ಕೆಲಸ. ಎಡ ಹೃತ್ಕುಕ್ಷಿಯ ಕೊನೆಭಾಗಕ್ಕೆ ಇನ್ನೊಂದು ತಂತಿ ಮುಟ್ಟಿಸಿ, ಎರಡೂ ಕಡೆಯಿಂದ ಒಟ್ಟಿಗೆ ಸಂಕೇತ ಕೊಟ್ಟರೆ ಹೇಗೆ ಎಂಬ ಪ್ರಯತ್ನ 1990ರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ನಡೆಯಿತು. ಫ್ರಾನ್ಸಿನ ಸೆರ್ಜ್ ಕಾಜೋ ಮತ್ತು ಸಂಗಡಿಗರು 1994ರಲ್ಲಿ 54 ವರ್ಷದ ರೋಗಿಯೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಮಲಗಿದಲ್ಲಿಯೇ ಏದುಸಿರು ಬಿಡುತ್ತಿದ್ದ ಆತನ ಕ್ಯೂ.ಆರ್.ಎಸ್. 200 ಮಿಲಿಸೆಕೆಂಡಿನಷ್ಟಿತ್ತು. ಹೃದಯದ ನಾಲ್ಕೂ ಕೋಣೆಗಳಿಗೆ ಸಂಕೇತ ಕೊಡುವ ವ್ಯವಸ್ಥೆ ಅಳವಡಿಸಿದ ಆರು ವಾರಗಳಲ್ಲಿ ದೇಹದಲ್ಲಿ ತುಂಬಿದ್ದ ನೀರು ಇಳಿದು ತೂಕ 17 ಕಿಲೋ ಕಡಿಮೆಯಾಯಿತು, ಆತ ನಡೆದಾಡುವಂತಾದ.

ಆದರೆ ಎಡ ಹೃತ್ಕುಕ್ಷಿಯ ತಂತಿಯನ್ನು ಆಗ ಹೃದಯದ ಹೊರಮೈಗೆ ಶಸ್ತ್ರಕ್ರಿಯೆಯಿಂದ ಜೋಡಿಸಬೇಕಾಗಿತ್ತು. ದುರ್ಬಲ ಹೃದಯದ ರೋಗಿಗೆ ಅದೇ ಒಂದು ಗಂಡಾಂತರ. ತಂತಿಯನ್ನು ನೇರವಾಗಿ ಎಡ ಹೃತ್ಕುಕ್ಷಿಯೊಳಗೆ ಇಳಿಸಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುವ ಅಪಾಯ. ರೆನ್ ನಗರದ ಜಾನ್-ಕ್ಲೋಡ್ ದೋಬೇರ್ ಅವರ ತಂಡ 1998ರಲ್ಲಿ ಇನ್ನೊಂದು ದಾರಿಯ ಅನುಭವವನ್ನು ವರದಿ ಮಾಡಿತು. ಹೃದಯದ ಸ್ನಾಯುವಿಗೇ ಸೇರಿದ ಮಲಿನ ರಕ್ತವನ್ನು ಹಿಂತರುವ ಅಭಿಧಮನಿಗಳು ಎಡ ಹೃತ್ಕುಕ್ಷಿಯ ಹೊರಮೈಯ ಮೇಲೆ ಹಬ್ಬಿ, ‘ಕೊರೋನರಿ ಸೈನಸ್’ ಎಂಬ ದೊಡ್ಡ ನಾಳದಲ್ಲಿ ಕೂಡಿ, ಬಲ ಹೃತ್ಕರ್ಣಕ್ಕೆ ತೆರೆದುಕೊಳ್ಳುತ್ತವೆ. ಭುಜದ ಬಳಿಯ ರಕ್ತನಾಳದಿಂದ ತಂತಿಯನ್ನು ಬಲ ಹೃತ್ಕರ್ಣಕ್ಕೆ ಇಳಿಸಿ, ಆ ಬಾಯಿಯ ಮೂಲಕ ಹಿಮ್ಮುಖವಾಗಿ ಏರಿಸಿದರೆ ಎದೆ ಕೊಯ್ಯದೆಯೇ ಎಡಭಾಗವನ್ನು ಮುಟ್ಟಬಹುದು. ಇಂದಿಗೂ ಬಹುಪಾಲು ಮೂರನೆಯ ತಂತಿ ಹೋಗುವುದು ಈ ದಾರಿಯಲ್ಲಿಯೇ.

ಪ್ರಯೋಜನದ ಬಗ್ಗೆ ಸಂದೇಹ ಉಳಿಯದಂತೆ ಮಾಡಿದ್ದು 2005ರಲ್ಲಿ ಪ್ರಕಟವಾದ ‘ಕೇರ್-ಎಚ್.ಎಫ್.’ ಎಂಬ ಯುರೋಪಿನ ಅಧ್ಯಯನ. ಅದರಲ್ಲಿ 813 ರೋಗಿಗಳಿದ್ದರು. ಸರಾಸರಿ 29 ತಿಂಗಳ ಅವಧಿಯಲ್ಲಿ ಔಷಧ ಮಾತ್ರ ಪಡೆದವರ ಪೈಕಿ ಶೇ. 30 ಮಂದಿ ಮೃತಪಟ್ಟರೆ, ಔಷಧದ ಜೊತೆಗೆ ಸಿ.ಆರ್.ಟಿ. ಪಡೆದವರಲ್ಲಿ ಶೇ. 20. ನೂರು ಮಂದಿಯಲ್ಲಿ ಹತ್ತು ಜೀವ ಎಂಬುದು ಹೃದಯ ವೈಫಲ್ಯದಂತಹ ರೋಗದಲ್ಲಿ ಸಣ್ಣ ಸಂಖ್ಯೆಯಲ್ಲ.

ಹಾಗೆಂದು ಏದುಸಿರು ಇರುವವರಿಗೆಲ್ಲ ಇದು ಸಲ್ಲುವುದಿಲ್ಲ. ಕ್ಯೂ.ಆರ್.ಎಸ್. 130 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದ 809 ರೋಗಿಗಳ ಮೇಲೆ ನಡೆದ ‘ಎಕೋ-ಸಿ.ಆರ್.ಟಿ.’ ಅಧ್ಯಯನವನ್ನು ಪ್ರಯೋಜನದ ಲಕ್ಷಣವಿಲ್ಲದೆ ಅರ್ಧದಲ್ಲಿಯೇ ನಿಲ್ಲಿಸಲಾಯಿತು. ಚಿಕಿತ್ಸೆ ಚಾಲೂ ಇದ್ದ ಗುಂಪಿನಲ್ಲಿ 45, ಇಲ್ಲದ ಗುಂಪಿನಲ್ಲಿ 26 ಸಾವುಗಳಾದವು. ತಡವಾಗದ ಗೋಡೆಗೆ ಮೂರನೆಯ ತಂತಿ ಬೇಡ. ‘ದುಡ್ಡು ಹೊಂದಿಸುತ್ತೇವೆ, ದೊಡ್ಡ ಮಿಷನ್ನೇ ಹಾಕಿಬಿಡಿ’ ಎಂದು ಬಂಧುಗಳು ಒತ್ತಾಯಿಸುವ ಸಂದರ್ಭಗಳಲ್ಲಿ ನೆನಪಿರಬೇಕಾದ ಫಲಿತಾಂಶವಿದು.

ತಂತಿಯ ತುದಿ ಎಲ್ಲಿ ನಿಲ್ಲಬೇಕು

ಅಭಿಧಮನಿಗಳ ಹಂಚಿಕೆ ಎಲ್ಲರಲ್ಲಿಯೂ ಒಂದೇ ತೆರನಾಗಿಲ್ಲ. ಬೇಕಾದ ಜಾಗದಲ್ಲಿ ಕೆಲವರಿಗೆ ನಾಳವೇ ಇರುವುದಿಲ್ಲ. ಇದ್ದರೂ ತೀರ ಕಿರಿದು, ಇಲ್ಲವೇ ಡೊಂಕು. 2002ರ ‘ಮಿರಾಕಲ್’ ಅಧ್ಯಯನದಲ್ಲಿ ಶೇ. 8 ಮಂದಿಗೆ ಅಳವಡಿಕೆಯೇ ಸಾಧ್ಯವಾಗಲಿಲ್ಲ. ಕೆಲವರಲ್ಲಿ ಕೊರೋನರಿ ಸೈನಸ್ ನಾಳಕ್ಕೆ ಗಾಯವಾಯಿತು. ಅಳವಡಿಕೆಯ ವೇಳೆ ರಕ್ತದೊತ್ತಡ ಕುಸಿಯುವುದು, ಬಡಿತ ನಿಲ್ಲುವುದು ಮೊದಲಾದ ತೊಡಕುಗಳು ನಾಲ್ವರಲ್ಲಿ ಕಂಡು, ಅವರಲ್ಲಿ ಇಬ್ಬರು ಮೃತಪಟ್ಟರು. ಅಂದಿನಿಂದ ಉಪಕರಣಗಳೂ ಕೈಚಳಕವೂ ಸುಧಾರಿಸಿವೆ. ಆದರೂ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುನ್ನ ಮನೆಯವರು ಇದನ್ನೆಲ್ಲ ಕೇಳಿ ತಿಳಿಯುವುದು ಅವರ ಹಕ್ಕು.

ಸಿಕ್ಕ ನಾಳಗಳ ಪೈಕಿ ಯಾವುದನ್ನು ಆರಿಸಬೇಕು ಎಂಬುದಕ್ಕೆ ‘ಮಡಿಟ್-ಸಿ.ಆರ್.ಟಿ.’ ಎಂಬ ದೊಡ್ಡ ಅಧ್ಯಯನದಿಂದ ಒಂದು ಸ್ಪಷ್ಟ ಉತ್ತರ ದೊರೆಯಿತು. 799 ರೋಗಿಗಳ ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿ ಎಡ ಲೀಡ್‌ನ ಸ್ಥಾನವನ್ನು ಗುರುತಿಸಲಾಯಿತು. ಲೀಡ್ ಮುಂಬದಿಯಲ್ಲಿರಲಿ, ಪಕ್ಕದಲ್ಲಿರಲಿ, ಹಿಂಬದಿಯಲ್ಲಿರಲಿ, ಫಲಿತಾಂಶದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದರೆ ತಂತಿ ನಾಳದಲ್ಲಿ ತುಂಬ ಮುಂದೆ ಸರಿದು ಹೃದಯದ ತುದಿಭಾಗಕ್ಕೆ ಹೋಗಿ ನಿಂತಿದ್ದವರಲ್ಲಿ (ಅವರು ಶೇ. 14ರಷ್ಟಿದ್ದರು) ಹೃದಯ ವೈಫಲ್ಯ ಉಲ್ಬಣಿಸುವ ಅಥವಾ ಸಾಯುವ ಅಪಾಯ ಉಳಿದವರಿಗಿಂತ ಸುಮಾರು 1.7 ಪಟ್ಟು ಹೆಚ್ಚಿತ್ತು. ಕಾರಣ ಊಹಿಸಬಹುದಾದದ್ದೇ. ಬಲ ಹೃತ್ಕುಕ್ಷಿಯ ತಂತಿ ಸಾಮಾನ್ಯವಾಗಿ ತುದಿಭಾಗದಲ್ಲಿಯೇ ಇರುತ್ತದೆ. ಎಡ ತಂತಿಯೂ ಅಲ್ಲಿಗೇ ಬಂದರೆ ಎರಡು ತೂಬುಗಳನ್ನು ನಾಲೆಯ ಒಂದೇ ಕಡೆ ತೆರೆದಂತಾಗುತ್ತದೆ. ವಿಪರ್ಯಾಸವೆಂದರೆ ತಂತಿ ಜಾರದೆ ಗಟ್ಟಿಯಾಗಿ ಕೂರುವುದು ನಾಳ ಕಿರಿದಾಗುವ ಆ ತುದಿಯಲ್ಲಿಯೇ. ವೈದ್ಯರು ಸ್ಥಿರತೆ ಮತ್ತು ಸರಿಯಾದ ಸ್ಥಾನ ಇವೆರಡರ ನಡುವೆ ತೂಗಿನೋಡಬೇಕಾಗುತ್ತಿತ್ತು.

ಇನ್ನೊಂದು ತೊಡಕು ಹೃದಯಾಘಾತದ ಕಲೆ. ಹಿಂದೆ ಹೃದಯಾಘಾತವಾಗಿದ್ದ ಜಾಗದ ಸ್ನಾಯು ಸತ್ತು ನಾರಿನಂತಾಗಿರುತ್ತದೆ. ಅಲ್ಲಿ ತಂತಿ ನಿಲ್ಲಿಸಿದರೆ ಬಂಡೆಯ ಮೇಲೆ ಬಿತ್ತಿದಂತೆ. ಸಂಕೇತ ಹರಡುವುದೇ ಇಲ್ಲ ಅಥವಾ ಅತಿ ನಿಧಾನವಾಗಿ ಹರಡುತ್ತದೆ. ಇಂಗ್ಲೆಂಡಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ‘ಟಾರ್ಗೆಟ್’ ಅಧ್ಯಯನದಲ್ಲಿ 220 ರೋಗಿಗಳ ಪೈಕಿ ಅರ್ಧದಷ್ಟು ಮಂದಿಗೆ ಮೊದಲೇ ವಿಶೇಷ ಎಕೋ ಪರೀಕ್ಷೆ ಮಾಡಿ, ಕಲೆಯಿಲ್ಲದ ಮತ್ತು ಎಲ್ಲಕ್ಕಿಂತ ತಡವಾಗಿ ಸಂಕುಚಿಸುವ ಭಾಗವನ್ನು ಗುರುತಿಸಿ, ತಂತಿಯನ್ನು ಸಾಧ್ಯವಾದಷ್ಟು ಅಲ್ಲಿಗೆ ಒಯ್ಯಲಾಯಿತು. ಆರು ತಿಂಗಳ ನಂತರ ಆ ಗುಂಪಿನ ಶೇ. 70 ಮಂದಿಯಲ್ಲಿ ಹಿಗ್ಗಿದ ಹೃದಯ ಗಣನೀಯವಾಗಿ ಕುಗ್ಗಿತ್ತು. ಎಂದಿನಂತೆ ಅಳವಡಿಸಿದವರಲ್ಲಿ ಈ ಪ್ರಮಾಣ ಶೇ. 55. ಪೆಟ್ಟಿಗೆಯ ಕೆಲಸ ಎರಡೂ ಗುಂಪಿನಲ್ಲಿ ಒಂದೇ. ತಂತಿಯನ್ನು ನಿಲ್ಲಿಸುವ ಮುನ್ನ ಸ್ಥಳ ಸಮೀಕ್ಷೆ ಮಾಡಿದ್ದಷ್ಟೇ ವ್ಯತ್ಯಾಸ. ಕೊಳವೆಬಾವಿ ಕೊರೆಸುವ ಮುನ್ನ ಭೂವಿಜ್ಞಾನಿಯನ್ನು ಕರೆಯುವ ಪಂಚಾಯತಿಗೂ ಕರೆಯದ ಪಂಚಾಯತಿಗೂ ಇರುವ ವ್ಯತ್ಯಾಸವನ್ನು ಇದು ನೆನಪಿಗೆ ತರುತ್ತದೆ.

ನಾಲ್ಕು ಧ್ರುವಗಳ ಲೀಡ್

ಎಡ ಹೃತ್ಕುಕ್ಷಿಯ ಹೊರಬದಿಯಲ್ಲಿಯೇ ಫ್ರೆನಿಕ್ ಎಂಬ ನರ ಹಾದುಹೋಗುತ್ತದೆ. ಉಸಿರಾಟಕ್ಕೆ ಕಾರಣವಾದ ವಪೆಯನ್ನು ಕುಣಿಸುವುದು ಈ ನರ. ತಂತಿಯ ತುದಿ ಅದರ ಸಮೀಪ ನಿಂತರೆ ಹೃದಯಕ್ಕೆ ಕೊಟ್ಟ ಸಂಕೇತ ನರಕ್ಕೂ ತಗುಲಿ, ಪ್ರತಿ ಬಡಿತಕ್ಕೂ ಪಕ್ಕೆಲುಬಿನ ಕೆಳಗೆ ಬಿಕ್ಕಳಿಕೆಯಂತಹ ಮಿಡಿತ ಉಂಟಾಗುತ್ತದೆ. ಎಡ ಮಗ್ಗುಲಿಗೆ ಮಲಗಿದಾಗ, ಮುಂದಕ್ಕೆ ಬಾಗಿದಾಗ ಮಾತ್ರ ಇದು ಕಾಣಿಸಿಕೊಳ್ಳುವುದೂ ಉಂಟು; ಆಸ್ಪತ್ರೆಯ ಮಂಚದ ಮೇಲೆ ಅಂಗಾತ ಮಲಗಿದ್ದಾಗ ಗೊತ್ತೇ ಆಗಿರುವುದಿಲ್ಲ.

ಹಳೆಯ ಲೀಡ್‌ಗಳಲ್ಲಿ ಒಂದು ಅಥವಾ ಎರಡು ಧ್ರುವಗಳಿದ್ದವು. ತೊಂದರೆ ಬಂದರೆ ತಂತಿಯನ್ನೇ ಸರಿಸಬೇಕು, ಅಂದರೆ ಮತ್ತೊಮ್ಮೆ ಶಸ್ತ್ರಕ್ರಿಯೆ. ಈಗ ಬಳಕೆಯಲ್ಲಿರುವ ‘ಕ್ವಾಡ್ರಿಪೋಲಾರ್’ ಲೀಡ್‌ನಲ್ಲಿ ನಾಲ್ಕು ಧ್ರುವಗಳು ತಂತಿಯ ಉದ್ದಕ್ಕೂ ಅಂತರ ಬಿಟ್ಟು ಇರುತ್ತವೆ. ತುದಿಯನ್ನು ಗಟ್ಟಿಯಾಗಿ ದೂರದಲ್ಲಿ ಕೂರಿಸಿ, ಸಂಕೇತವನ್ನು ಮಾತ್ರ ಬುಡದ ಕಡೆಯ ಧ್ರುವದಿಂದ ಹೊರಡಿಸಬಹುದು. ನರಕ್ಕೆ ತಗುಲಿದರೆ ಹೊರಗಿನಿಂದಲೇ ಕಂಪ್ಯೂಟರ್ ಮೂಲಕ ಧ್ರುವ ಬದಲಿಸಬಹುದು. ಸ್ಥಿರತೆ ಮತ್ತು ಸ್ಥಾನದ ನಡುವಿನ ಹಳೆಯ ಜಗಳಕ್ಕೆ ಇದು ದೊಡ್ಡ ಪರಿಹಾರ. ಸಾವಿರಕ್ಕೂ ಹೆಚ್ಚು ರೋಗಿಗಳಿದ್ದ ‘ಮೋರ್-ಸಿ.ಆರ್.ಟಿ.’ ಅಧ್ಯಯನದಲ್ಲಿ ಮೊದಲ ಆರು ತಿಂಗಳು ಎಡ ಲೀಡ್‌ನ ತೊಡಕುಗಳಿಲ್ಲದೆ ಕಳೆದವರು ನಾಲ್ಕು ಧ್ರುವದ ಗುಂಪಿನಲ್ಲಿ ಸುಮಾರು ಶೇ. 86, ಎರಡು ಧ್ರುವದ ಗುಂಪಿನಲ್ಲಿ ಸುಮಾರು ಶೇ. 77.

ಬ್ಯಾಟರಿಯ ಆಯುಷ್ಯವೂ ಲೀಡ್‌ನ ಸ್ಥಾನಕ್ಕೇ ಬಂದು ನಿಲ್ಲುತ್ತದೆ. ಸ್ನಾಯುವಿಗೆ ಚೆನ್ನಾಗಿ ತಾಗಿ ನಿಂತ ತುದಿಗೆ ಕಡಿಮೆ ವೋಲ್ಟೇಜ್ ಸಾಕು. ಸರಿಯಾಗಿ ತಾಗದಿದ್ದರೆ ಹೆಚ್ಚು ಬೇಕು. ಪ್ರತಿ ಸಂಕೇತಕ್ಕೆ ವ್ಯಯವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ ವೋಲ್ಟೇಜ್ ಇಮ್ಮಡಿಯಾದರೆ ಶಕ್ತಿಯ ವೆಚ್ಚ ನಾಲ್ಕು ಪಟ್ಟು. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತವೆಂದು ಲೆಕ್ಕ ಹಾಕಿದರೆ, ಒಂದೇ ಕಂಪನಿಯ ಒಂದೇ ಮಾದರಿಯ ಪೆಟ್ಟಿಗೆ ಒಬ್ಬರಿಗೆ ಹಲವು ವರ್ಷ ಹೆಚ್ಚು ಬಾಳಿ ಇನ್ನೊಬ್ಬರಿಗೆ ಬೇಗ ಬದಲಾಯಿಸಬೇಕಾಗಿ ಬರುವುದರಲ್ಲಿ ಆಶ್ಚರ್ಯವಿಲ್ಲ.

ನೂರಕ್ಕೆ ತೊಂಬತ್ತೆಂಟು

ಸರಿಯಾದ ಜಾಗದಲ್ಲಿ ನಿಂತ ತಂತಿಯೂ ಎಲ್ಲ ಬಡಿತಗಳಲ್ಲಿ ಕೆಲಸ ಮಾಡದಿದ್ದರೆ ಫಲ ಕುಂದುತ್ತದೆ. ದೂರಸಂಪರ್ಕದ ಮೂಲಕ ನಿಗಾದಲ್ಲಿದ್ದ 36,935 ರೋಗಿಗಳ ಮಾಹಿತಿಯನ್ನು ವಿಶ್ಲೇಷಿಸಿ 2011ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಾವಿನ ಪ್ರಮಾಣ ಎಲ್ಲಕ್ಕಿಂತ ಕಡಿಮೆ ಕಂಡದ್ದು ಶೇ. 98ಕ್ಕಿಂತ ಹೆಚ್ಚು ಬಡಿತಗಳು ಎರಡೂ ಕಡೆಯ ತಂತಿಗಳಿಂದ ನಡೆದವರಲ್ಲಿ. ಪರೀಕ್ಷೆಯಲ್ಲಿ ತೊಂಬತ್ತು ಅಂಕ ಬಂದರೆ ಸಂತೋಷಪಡುವುದು ರೂಢಿ; ಇಲ್ಲಿ ತೊಂಬತ್ತು ಸಾಲದು. ಹೃತ್ಕರ್ಣದ ಲಯ ತಪ್ಪಿ ಬಡಿತ ವೇಗವಾದರೆ, ಹೃತ್ಕುಕ್ಷಿಯಲ್ಲಿಯೇ ಅಕಾಲಿಕ ಬಡಿತಗಳು ಹೆಚ್ಚಾದರೆ, ಔಷಧವನ್ನು ಅರ್ಧಕ್ಕೆ ನಿಲ್ಲಿಸಿದರೆ ಈ ಅಂಕ ಇಳಿಯುತ್ತದೆ. ತಪಾಸಣೆಯ ದಿನ ವೈದ್ಯರು ಪೆಟ್ಟಿಗೆಯ ಮೇಲೆ ಸಾಧನವಿಟ್ಟು ಓದುವ ಸಂಖ್ಯೆಗಳಲ್ಲಿ ಇದು ಮುಖ್ಯವಾದದ್ದು. ‘ಬ್ಯಾಟರಿ ಚೆನ್ನಾಗಿದೆಯಂತೆ’ ಎಂಬಷ್ಟನ್ನೇ ಕೇಳಿಕೊಂಡು ಬರುವ ಬದಲು, ‘ಎಡ ತಂತಿ ಶೇಕಡಾ ಎಷ್ಟು ಕೆಲಸ ಮಾಡುತ್ತಿದೆ’ ಎಂದು ರೋಗಿಯ ಕಡೆಯವರು ಕೇಳುವುದು ಒಳ್ಳೆಯದು.

ಇಷ್ಟೆಲ್ಲ ಇದ್ದರೂ ಸಿ.ಆರ್.ಟಿ. ಪಡೆದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಮಂದಿಗೆ ನಿರೀಕ್ಷಿತ ಸುಧಾರಣೆ ಆಗುವುದಿಲ್ಲ. ಅದು ರೋಗಿಯ ದೋಷವೂ ಅಲ್ಲ, ಎಲ್ಲ ಸಂದರ್ಭಗಳಲ್ಲಿ ವೈದ್ಯರ ದೋಷವೂ ಅಲ್ಲ. ಮಹಿಳೆಯರ ವಿಚಾರದಲ್ಲಿ ಒಂದು ಮಾತು ಹೇಳಲೇಬೇಕು. ಮೇಲೆ ಹೇಳಿದ ಮಡಿಟ್-ಸಿ.ಆರ್.ಟಿ. ಅಧ್ಯಯನದ 1,820 ರೋಗಿಗಳಲ್ಲಿ ಮಹಿಳೆಯರು ಕಾಲುಭಾಗ ಮಾತ್ರ. ಆದರೆ ಪುರುಷರಿಗಿಂತ ಹೆಚ್ಚಿನ ಪ್ರಯೋಜನ ಕಂಡದ್ದು ಅವರಲ್ಲಿ. ಕಾಲು ಊದಿಕೊಂಡ, ನಾಲ್ಕು ಹೆಜ್ಜೆಗೆ ಕೂರುವ ಮನೆಯ ಹಿರಿಯ ಹೆಣ್ಣುಮಗಳನ್ನು ‘ವಯಸ್ಸಾಯಿತು’ ಎಂದು ಸುಮ್ಮನಿರಿಸುವ ಮೊದಲು ಒಂದು ಇ.ಸಿ.ಜಿ. ತೆಗೆಸುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಹೊಸ ದಾರಿ

ಕೊನೆಭಾಗಕ್ಕೆ ಬೇರೆ ತೂಬು ತೆರೆಯುವ ಬದಲು, ಮುಚ್ಚಿದ ಹೆದ್ದಾರಿಯನ್ನೇ ಬಳಸಿಕೊಂಡರೆ? ಚೀನಾದ ವೆಂಜೌ ನಗರದ ಹುವಾಂಗ್ ವೀಜಿಯಾನ್ ಮತ್ತು ಸಂಗಡಿಗರು 2017ರಲ್ಲಿ ಇಂತಹ ಪ್ರಯತ್ನವನ್ನು ವರದಿ ಮಾಡಿದರು. ತಂತಿಯ ತುದಿಯನ್ನು ಬಲ ಹೃತ್ಕುಕ್ಷಿಯ ಕಡೆಯಿಂದ ನಡುಗೋಡೆಯೊಳಗೆ ತಿರುಪಿನಂತೆ ಕೊರೆದು, ತಡೆಯಿರುವ ಜಾಗವನ್ನು ದಾಟಿದ ಮೇಲೆ ಎಡ ಕವಲಿಗೇ ಸಂಕೇತ ಕೊಡುವುದು ಈ ವಿಧಾನ. ಹಾಗಾದಾಗ ಸಂಕೇತ ಹೃದಯದ ಸಹಜ ಮಾರ್ಗದಲ್ಲಿಯೇ ಹರಡುತ್ತದೆ. 40 ರೋಗಿಗಳ ಮೇಲೆ ಚೀನಾದಲ್ಲಿ ನಡೆದು 2022ರಲ್ಲಿ ಪ್ರಕಟವಾದ ಯಾದೃಚ್ಛಿಕ ಅಧ್ಯಯನದಲ್ಲಿ ಇ.ಎಫ್. ಏರಿಕೆ ಹೊಸ ವಿಧಾನದವರಲ್ಲಿ ಸುಮಾರು 21 ಅಂಶ, ಹಳೆಯ ವಿಧಾನದವರಲ್ಲಿ ಸುಮಾರು 16. ಹಲವು ದೇಶಗಳ 1,778 ರೋಗಿಗಳ ದಾಖಲೆಗಳನ್ನು ಹೋಲಿಸಿದ 2023ರ ವರದಿಯಲ್ಲಿ ಸಾವು ಅಥವಾ ಹೃದಯ ವೈಫಲ್ಯಕ್ಕಾಗಿ ಆಸ್ಪತ್ರೆ ಸೇರುವಿಕೆ ಹೊಸ ವಿಧಾನದಲ್ಲಿ ಶೇ. 20.8, ಹಳೆಯದರಲ್ಲಿ ಶೇ. 28. ನಮ್ಮ ನೆರೆಯ ತಮಿಳುನಾಡಿನ ಮಧುರೈನ ವೈದ್ಯರೂ ಈ ವಿಧಾನದ ಅನುಭವವನ್ನು ಪ್ರಕಟಿಸಿದ್ದಾರೆ.

ಸಂಖ್ಯೆಗಳು ಆಶಾದಾಯಕ. ಆದರೆ ಎರಡನೆಯದು ದಾಖಲೆಗಳ ಹೋಲಿಕೆ ಮಾತ್ರ. ಯಾರಿಗೆ ಯಾವ ವಿಧಾನ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದ್ದಲ್ಲ. ಮೊದಲನೆಯದು ಬಹಳ ಚಿಕ್ಕದು. ಜೀವ ಉಳಿಸುವ ವಿಚಾರದಲ್ಲಿ ಹಳೆಯ ವಿಧಾನಕ್ಕಿರುವಷ್ಟು ಗಟ್ಟಿ ಆಧಾರ ಹೊಸದಕ್ಕೆ ದೊರೆಯಬೇಕಾದರೆ ದೊಡ್ಡ ಯಾದೃಚ್ಛಿಕ ಅಧ್ಯಯನಗಳ ಫಲಿತಾಂಶ ಬೇಕು. ಎಡಭಾಗದ ನಾಳದಲ್ಲಿ ಜಾಗ ಸಿಗದ ರೋಗಿಗಂತೂ ಇದು ಈಗಲೇ ಒಂದು ಆಸರೆ.

ಊರಿನಲ್ಲಿ ಗಮನಿಸತಕ್ಕದ್ದು

ಎಡ ಲೀಡ್ ಸ್ಥಾನ ಬಿಟ್ಟು ಜಾರುವುದಾದರೆ ಅದು ಹೆಚ್ಚಾಗಿ ಮೊದಲ ಕೆಲವು ವಾರ, ತಿಂಗಳುಗಳಲ್ಲಿ. ಕಾಲಕ್ರಮೇಣ ಅದರ ಸುತ್ತ ಅಂಗಾಂಶ ಬೆಳೆದು ಹಿಡಿದುಕೊಳ್ಳುತ್ತದೆ. ಹೀಗಾಗಿಯೇ ಆರಂಭದ ನಾಲ್ಕಾರು ವಾರ ಆ ಬದಿಯ ತೋಳನ್ನು ಭುಜಕ್ಕಿಂತ ಮೇಲೆ ಎತ್ತಬಾರದು, ಭಾರ ಎತ್ತಬಾರದು ಎಂದು ವೈದ್ಯರು ಹೇಳುವುದು. ಬಾವಿಯಿಂದ ನೀರು ಸೇದುವುದು, ಗುದ್ದಲಿ ಹಿಡಿಯುವುದು, ಮರ ಹತ್ತುವುದು, ಮೇವಿನ ಹೊರೆ ಹೊರುವುದು ಇವೆಲ್ಲ ಆ ಮಾತಿನಲ್ಲಿ ಸೇರಿವೆ ಎಂಬುದನ್ನು ಬಿಡುಗಡೆ ಪತ್ರ ಬಿಡಿಸಿ ಬರೆಯುವುದಿಲ್ಲ. ಉದ್ಯೋಗ ಖಾತರಿ ಕೆಲಸಕ್ಕೆ ಬಂದ ಇಂತಹ ಕಾರ್ಮಿಕರಿಗೆ ವೈದ್ಯರು ಒಪ್ಪುವವರೆಗೆ ಮಣ್ಣು ಅಗೆಯುವ ಕೆಲಸ ಕೊಡದೆ, ಹಗುರವಾದದ್ದನ್ನು ಕೊಡುವುದು ಉಚಿತ. ಆದರೆ ತೋಳನ್ನು ತಿಂಗಳುಗಟ್ಟಲೆ ಕಟ್ಟಿಹಾಕಿದಂತೆ ಇಟ್ಟುಕೊಂಡರೆ ಭುಜವೇ ಬಿಗಿದುಕೊಳ್ಳುತ್ತದೆ. ಸಹಜವಾದ ಹಗುರ ಚಲನೆ ಬೇಕು.

ಇನ್ನೊಂದು ಅಭ್ಯಾಸ ಕೇಳುವುದಕ್ಕೆ ಕ್ಷುಲ್ಲಕವೆನಿಸಿದರೂ ಅಪಾಯಕಾರಿ. ಕೆಲವರು ಅರಿವಿಲ್ಲದೆಯೇ ಚರ್ಮದಡಿಯ ಪೆಟ್ಟಿಗೆಯನ್ನು ಬೆರಳಿನಿಂದ ತಿರುಗಿಸುತ್ತಿರುತ್ತಾರೆ. ಪೆಟ್ಟಿಗೆ ತಿರುಗಿದಂತೆ ತಂತಿ ರಾಟೆಗೆ ನೂಲು ಸುತ್ತಿದ ಹಾಗೆ ಸುತ್ತಿಕೊಂಡು, ತುದಿ ಹೃದಯದಿಂದ ಕಿತ್ತು ಬರುತ್ತದೆ. 1968ರಷ್ಟು ಹಿಂದೆಯೇ ವೈದ್ಯರು ಇದನ್ನು ಗುರುತಿಸಿ ಹೆಸರಿಟ್ಟಿದ್ದಾರೆ.

ಪಕ್ಕೆಲುಬಿನ ಕೆಳಗಿನ ಎಡೆಬಿಡದ ಮಿಡಿತವನ್ನು ಗ್ಯಾಸ್ ಎಂದು ಭಾವಿಸಿ ಜೀರಿಗೆ ಕಷಾಯ ಕುಡಿದು ದಿನ ದೂಡುವುದು ಸಹಜವೇ. ಮಿಡಿತ ನಾಡಿಯ ಲಯದೊಡನೆ ಹೊಂದಿ ಬರುತ್ತಿದ್ದರೆ ಅದು ಹೊಟ್ಟೆಯ ದೋಷವಲ್ಲ, ತಂತಿಯದು. ತಗ್ಗಿದ್ದ ಏದುಸಿರು ಮರಳಿ ಬರುವುದು, ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರುವುದು, ಕಾಲಿನ ಬಾವು, ತಲೆ ಸುತ್ತಿ ಬೀಳುವುದು ಇವು ಎಡ ತಂತಿ ಕೆಲಸ ನಿಲ್ಲಿಸಿರಬಹುದೆಂಬ ಸೂಚನೆಗಳು. ಪೆಟ್ಟಿಗೆಯ ಮೇಲಿನ ಚರ್ಮ ಕೆಂಪಾಗಿ ಬಿಸಿಯಾದರೆ, ಕೀವು ಸೋರಿದರೆ ಅದು ತುರ್ತು. ಸೋಂಕು ತಂತಿಯ ಗುಂಟ ಹೃದಯಕ್ಕೆ ಇಳಿಯಬಲ್ಲದು. ಆಗ ಪೆಟ್ಟಿಗೆಯನ್ನೂ ತಂತಿಗಳನ್ನೂ ಹೊರತೆಗೆಯಬೇಕಾಗುತ್ತದೆ. ವರ್ಷ ಕಳೆದ ತಂತಿಯನ್ನು ಬಿಡಿಸುವುದು ಹಾಕುವುದಕ್ಕಿಂತ ಕಠಿಣ. ಊರಿನಲ್ಲಿ ಸೂಜಿ ಚುಚ್ಚಿ ಕೀವು ತೆಗೆಸುವ ಕೆಲಸಕ್ಕೆ ಯಾರೂ ಕೈಹಾಕಬಾರದು.

ಸಾಧನದ ಗುರುತಿನ ಚೀಟಿಯಲ್ಲಿ ಪೆಟ್ಟಿಗೆಯ ಮಾದರಿಯ ಜೊತೆಗೆ ಲೀಡ್‌ಗಳ ಮಾದರಿಯೂ ಇರುತ್ತದೆ. ಮುಂದೆ ಎಂ.ಆರ್.ಐ. ಸ್ಕ್ಯಾನ್ ಮಾಡಬಹುದೇ ಎಂಬುದು ಪೆಟ್ಟಿಗೆ ಮತ್ತು ಲೀಡ್ ಎರಡನ್ನೂ ಅವಲಂಬಿಸಿದ್ದು, ಚೀಟಿ ಕಳೆದರೆ ಆ ನಿರ್ಧಾರವೇ ಕಷ್ಟ. ಆಶಾ ಕಾರ್ಯಕರ್ತೆಯರು ಚೀಟಿಯ ಎರಡೂ ಬದಿಯ ಚಿತ್ರವನ್ನು ಮನೆಯವರ ಫೋನಿನಲ್ಲಿ ಉಳಿಸಿಕೊಡುವುದು ಐದು ನಿಮಿಷದ ಕೆಲಸ. ಅಂದಹಾಗೆ ಆ ಫೋನನ್ನು ರೋಗಿ ಅಂಗಿಯ ಎಡ ಜೇಬಿನಲ್ಲಿಡದೆ ಪೆಟ್ಟಿಗೆಯಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು.

ಮರುತಪಾಸಣೆಯೇ ನಮ್ಮಲ್ಲಿ ಅತ್ಯಂತ ದುರ್ಬಲವಾದ ಕೊಂಡಿ. ಅಳವಡಿಕೆಯಾದ ಮೊದಲ ಮೂರು ತಿಂಗಳೊಳಗೆ ಒಮ್ಮೆ, ಆಮೇಲೆ ವೈದ್ಯರು ಹೇಳಿದ ಅಂತರದಲ್ಲಿ ಸಾಧನವನ್ನು ಓದಿಸಬೇಕು. ಸರ್ಕಾರಿ ವ್ಯವಸ್ಥೆಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯು ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. ಹಲವು ತಾಲ್ಲೂಕುಗಳಿಂದ ಅದು ಒಂದು ಹಗಲಿನ ಪ್ರಯಾಣ, ಒಂದು ದಿನದ ಕೂಲಿ, ಜೊತೆಗೆ ಬರುವವರ ಇನ್ನೊಂದು ಕೂಲಿ. ‘ಚೆನ್ನಾಗಿಯೇ ಇದ್ದೇನಲ್ಲ’ ಎಂದು ರೋಗಿ ಹಿಂದೆ ಸರಿಯುವುದಕ್ಕೆ ಕಾರಣ ಅಸಡ್ಡೆಯಲ್ಲ, ಈ ಲೆಕ್ಕ. ಗ್ರಾಮ ಆರೋಗ್ಯ ಸಮಿತಿಯ ಸಭೆಯಲ್ಲಿ ಇಂತಹವರ ಮುಂದಿನ ತಪಾಸಣೆಯ ದಿನಾಂಕಗಳನ್ನು ಓದಿ, ಪ್ರಯಾಣಕ್ಕೆ ನೆರವಾಗುವ ದಾರಿ ಹುಡುಕಬಹುದು.

ಕಡೆಯದಾಗಿ ಪಂಚಾಯತಿಗೆ ನೇರವಾಗಿ ಸೇರಿದ ವಿಷಯವೊಂದಿದೆ. ಸಾಧನ ಹೊಂದಿದವರು ತೀರಿಕೊಂಡಾಗ ಹೂಳುವ ಪದ್ಧತಿಯಿದ್ದರೆ ತೊಂದರೆಯಿಲ್ಲ. ದಹನವಾದರೆ ಚಿತೆಯ ಶಾಖಕ್ಕೆ ಬ್ಯಾಟರಿ ಸಿಡಿದು ಹತ್ತಿರವಿದ್ದವರಿಗೆ ಗಾಯವಾಗಬಹುದು, ಚಿತಾಗಾರದ ಒಲೆಗೆ ಹಾನಿಯಾಗಬಹುದು. ಆದ್ದರಿಂದ ಮುಂಚೆಯೇ ಪೆಟ್ಟಿಗೆಯನ್ನು ಹೊರತೆಗೆಸಬೇಕು. ಬಿಡುಗಡೆ ಪತ್ರದಲ್ಲಿ ‘ಸಿ.ಆರ್.ಟಿ.-ಡಿ’ ಎಂದಿದ್ದರೆ ಅದು ವಿದ್ಯುತ್ ಆಘಾತ ಕೊಡಬಲ್ಲ ಸಾಧನ. ಅದನ್ನು ಮೊದಲು ನಿಷ್ಕ್ರಿಯಗೊಳಿಸದೆ ತಂತಿ ಕತ್ತರಿಸಿದರೆ ತೆಗೆಯುವವರಿಗೇ ಆಘಾತವಾಗಬಹುದು. ಈ ಕೆಲಸವನ್ನು ಆಸ್ಪತ್ರೆಯವರೇ ಮಾಡಬೇಕು. ಸ್ಮಶಾನದ ವಹಿಯಲ್ಲಿ ‘ದೇಹದಲ್ಲಿ ಪೇಸ್‌ಮೇಕರ್ ಇದೆಯೇ’ ಎಂಬ ಒಂದು ಅಂಕಣ ಸೇರಿಸಿದರೆ ಕೇಳಲು ಮರೆಯುವುದು ತಪ್ಪುತ್ತದೆ. ಹೊರತೆಗೆದ ಸಾಧನವನ್ನು ಆಸ್ಪತ್ರೆಗೇ ಒಪ್ಪಿಸಬೇಕು. ಸ್ವಚ್ಛ ವಾಹಿನಿಯ ಒಣಕಸದ ಬುಟ್ಟಿಗೆ ಅದು ಸೇರತಕ್ಕದ್ದಲ್ಲ.